ವಿಮಾನದ ತೊಟ್ಟಿಲು ಎಷ್ಟು ಸುರಕ್ಷಿತ?

ದೂರ ಹಾರುವ ವಿಮಾನಗಳಲ್ಲಿ ಕೈಗೂಸುಗಳನ್ನು ಮಲಗಿಸಲು ಕೊಡುವ ಪುಟ್ಟ ತೊಟ್ಟಿಲೇ ಬ್ಯಾಸಿನೆಟ್. ವಿಮಾನದ ಪ್ರತಿ ವಿಭಾಗದ ಮುಂದಿನ ಸಾಲಿನ ಎದುರಿಗೆ ಬಲ್ಕ್‌ಹೆಡ್ ಎಂಬ ಅಡ್ಡಗೋಡೆ ಇರುತ್ತದೆ. ಅದರಲ್ಲಿರುವ ಕೊಂಡಿಗಳಿಗೆ ಈ ತೊಟ್ಟಿಲನ್ನು ಸಿಕ್ಕಿಸುತ್ತಾರೆ. ವಿಮಾನ ಮೇಲೇರಿ ಸೀಟ್ ಬೆಲ್ಟ್ ದೀಪ ಆರಿದ ಮೇಲೆ ಸಿಬ್ಬಂದಿ ಅದನ್ನು ತಂದು ಜೋಡಿಸುತ್ತಾರೆ, ಇಳಿಯುವ ಮೊದಲು ಕಳಚಿ ಒಯ್ಯುತ್ತಾರೆ. ಎಷ್ಟು ತೂಕದ ಮಗುವನ್ನು ಮಲಗಿಸಬಹುದು ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತದೆ. ಸಾಮಾನ್ಯವಾಗಿ ಮಿತಿ 10ರಿಂದ 14 ಕೆಜಿಯೊಳಗೆ ಇರುತ್ತದೆ. ಮಗುವಿನ ಉದ್ದಕ್ಕೋ ವಯಸ್ಸಿಗೋ ಮಿತಿ ಹಾಕುವ ಸಂಸ್ಥೆಗಳೂ ಇವೆ.

ಈ ವ್ಯವಸ್ಥೆ ಹೊಸದಲ್ಲ. 1950ರ ದಶಕದಲ್ಲೇ ಬ್ರಿಟನ್ನಿನ ಬಿಒಎಸಿ ಸಂಸ್ಥೆಯ ವಿಮಾನಗಳಲ್ಲಿ ಪ್ರಯಾಣಿಕರ ತಲೆಯ ಮೇಲೆ ತೂಗುಹಾಕುವ ‘ಸ್ಕೈಕಾಟ್’ ಇತ್ತು. ಇಂದು ಅದರ ಚಿತ್ರ ನೋಡಿದರೆ ಎದೆ ಝಲ್ಲೆನ್ನುತ್ತದೆ. ಈಗಿನ ತೊಟ್ಟಿಲು ಅದಕ್ಕಿಂತ ಕೆಳಗಿದೆ, ಗಟ್ಟಿಯಾಗಿದೆ. ಆದರೆ ಅದನ್ನು ಮಾಡಿರುವುದು ಮಗು ಮಲಗಲಿ ಎಂದು, ಅಪಘಾತದಲ್ಲಿ ಮಗುವನ್ನು ಕಾಪಾಡಲಿ ಎಂದಲ್ಲ. ಇದು ಬಹಳಷ್ಟು ತಂದೆತಾಯಂದಿರಿಗೆ ತಿಳಿದಿರುವುದಿಲ್ಲ. ತಿಳಿಸಬೇಕಾದವರೂ ಟಿಕೆಟ್ ಮಾರುವಾಗ ಬಿಡಿಸಿ ಹೇಳುವುದಿಲ್ಲ.

ಕನ್ನಡದ ಅನೇಕ ಮನೆಗಳಿಗೆ ಇದು ದೂರದ ವಿಷಯವೂ ಅಲ್ಲ. ಹೊರದೇಶದಲ್ಲಿ ಹುಟ್ಟಿದ ಮೊಮ್ಮಗುವನ್ನು ಅಜ್ಜ ಅಜ್ಜಿಗೆ ತೋರಿಸಲು, ನಾಮಕರಣಕ್ಕೆ, ಮನೆದೇವರ ಹರಕೆಗೆ ಎಂದು ಕೆಲವೇ ತಿಂಗಳ ಕೂಸಿನೊಡನೆ ಊರಿಗೆ ಬರುವವರು ಬಹಳ. 2021ರ ಜನವರಿಯಲ್ಲಿ ಏರ್ ಇಂಡಿಯಾ ಆರಂಭಿಸಿದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ಹಾರಾಟಕ್ಕೆ ಸುಮಾರು 17 ಗಂಟೆ ಹಿಡಿಯುತ್ತಿತ್ತು. ಎರಡು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಸೀಟು ಕೊಳ್ಳಲೇಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇಲ್ಲ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ದೊಡ್ಡವರ ದರದ ಶೇ 10ರಷ್ಟು ಕೊಟ್ಟು ಮಡಿಲಲ್ಲಿ ಕೂರಿಸಿಕೊಳ್ಳುವುದೇ ಹೆಚ್ಚಿನವರ ರೂಢಿ. ಅಷ್ಟು ಹೊತ್ತು ಕೂಸನ್ನು ತೋಳಲ್ಲೇ ಹಿಡಿದಿರುವುದು ಯಾರಿಂದಲೂ ಆಗದ ಕೆಲಸವಾದ್ದರಿಂದ ತೊಟ್ಟಿಲು ಬೇಕೇ ಬೇಕು. ತೂಕಡಿಸುವ ತಾಯಿಯ ಮಡಿಲಿನಿಂದ ಮಗು ಜಾರಬಹುದು, ದೊಡ್ಡವರ ಮೈ ಮತ್ತು ಸೀಟಿನ ನಡುವೆ ಅದರ ಉಸಿರು ಕಟ್ಟಬಹುದು. ಈ ಅಪಾಯಗಳಿಗೆ ಹೋಲಿಸಿದರೆ ಚಪ್ಪಟೆಯಾದ ತೊಟ್ಟಿಲಲ್ಲಿ ಅಂಗಾತ ಮಲಗಿದ ಮಗು ಹೆಚ್ಚು ಸುರಕ್ಷಿತ.

ತೊಟ್ಟಿಲು ಕೆಲಸಕ್ಕೆ ಬಾರದ ಹೊತ್ತುಗಳು ಮಾತ್ರ ಬೇರೆ. ವಿಮಾನ ನೆಲದ ಮೇಲೆ ಓಡುವಾಗ, ಏರುವಾಗ, ಇಳಿಯುವಾಗ ಅದನ್ನು ಬಳಸುವಂತಿಲ್ಲ. ಅಮೆರಿಕದಲ್ಲಿ 1988ರಲ್ಲಿ ಬಂದ ನಿಯಮದ ಪ್ರಕಾರ, ಆನಂತರ ರೂಪುಗೊಂಡ ಪ್ರಯಾಣಿಕ ವಿಮಾನಗಳ ಆಸನಗಳು ಅಪಘಾತದಲ್ಲಿ ಮುಂದಕ್ಕೆ 16 ಜಿ ಸೆಳೆತವನ್ನು, ಅಂದರೆ ಗುರುತ್ವದ ಹದಿನಾರು ಪಟ್ಟನ್ನು, ತಡೆಯಬೇಕು. ಆ ಕ್ಷಣದಲ್ಲಿ 8 ಕೆಜಿಯ ಕೂಸು 128 ಕೆಜಿಯಷ್ಟು ಭಾರವಾಗುತ್ತದೆ, ಅಂದರೆ ಎರಡೂವರೆ ಮೂಟೆ ಸಿಮೆಂಟಿನಷ್ಟು. ಗೋಡೆಗೆ ಸಿಕ್ಕಿಸಿದ ತೊಟ್ಟಿಲಿಗೆ ಅಂಥ ಪರೀಕ್ಷೆಯ ಮನ್ನಣೆ ಇಲ್ಲ. ತಾಯಿಯ ತೋಳಿಗೂ ಆ ಭಾರವನ್ನು ಹಿಡಿದಿಡುವ ಶಕ್ತಿ ಇಲ್ಲ, ಅವಳ ಪ್ರೀತಿ ಎಷ್ಟೇ ದೊಡ್ಡದಿರಲಿ.

ಆಗಸದಲ್ಲಿ ಹಾರುತ್ತಿರುವಾಗ ಎದುರಾಗುವ ಅಪಾಯ ಗಾಳಿಯ ಕುಲುಕಾಟದ್ದು. ವಿಮಾನದ ಮೂತಿಯಲ್ಲಿರುವ ರೇಡಾರ್ ಮೋಡದೊಳಗಿನ ನೀರಹನಿಗಳನ್ನು ಕಾಣುತ್ತದೆ. ತಿಳಿ ಆಕಾಶದ ಕುಲುಕಾಟ ಅದಕ್ಕೆ ಕಾಣದು. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ ಏರ್‌ಲೈನ್ಸ್‌ನ ಎಸ್‌ಕ್ಯೂ 321 ವಿಮಾನ ಮ್ಯಾನ್ಮಾರ್‌ನ ಮೇಲೆ ತೀವ್ರ ಕುಲುಕಾಟಕ್ಕೆ ಸಿಕ್ಕಿತು. ಪ್ರಯಾಣಿಕರೊಬ್ಬರು ಮೃತಪಟ್ಟರು, ಹಲವರು ತೀವ್ರವಾಗಿ ಗಾಯಗೊಂಡರು. ಸಿಂಗಪುರದ ತನಿಖಾಧಿಕಾರಿಗಳ ಆರಂಭಿಕ ವರದಿಯಂತೆ, 0.6 ಸೆಕೆಂಡಿನಲ್ಲಿ ಬಲವು +1.35 ಜಿಯಿಂದ −1.5 ಜಿಗೆ ತಿರುಗಿತು. ಅಂದರೆ ಬೆಲ್ಟ್ ಕಟ್ಟದಿದ್ದವರು ಚಾವಣಿಯತ್ತ ಚಿಮ್ಮಿದರು. ನಾಲ್ಕು ಸೆಕೆಂಡಿನಲ್ಲಿ ಬಲ ಮತ್ತೆ +1.5 ಜಿಗೆ ಮರಳಿದಾಗ ಕೆಳಗೆ ಅಪ್ಪಳಿಸಿದರು. ಬೆಲ್ಟ್ ಸೂಚನೆ ಹೊತ್ತಿದೆ ಎಂದು ಪೈಲಟ್ ಹೇಳಿದ್ದಕ್ಕೂ ಈ ಏಟಿಗೂ ನಡುವೆ ಇದ್ದದ್ದು ಸುಮಾರು 8 ಸೆಕೆಂಡು ಮಾತ್ರ.

ತೊಟ್ಟಿಲ ಕೂಸಿನ ತಾಯಿ ಈ ಎಂಟು ಸೆಕೆಂಡನ್ನು ನೆನಪಿಡಬೇಕು. ಬೆಲ್ಟ್ ದೀಪ ಹೊತ್ತಿದಾಗ ಮಗುವನ್ನು ಎತ್ತಿ ಮಡಿಲಿಗೆ ತೆಗೆದುಕೊಂಡು ಕಟ್ಟಿಕೊಳ್ಳಬೇಕು ಎಂಬುದು ಅನೇಕ ಸಂಸ್ಥೆಗಳ ನಿಯಮ. ಆಗಷ್ಟೇ ಕಣ್ಣು ಮುಚ್ಚಿದ ಕೂಸನ್ನು ಎಬ್ಬಿಸಿದರೆಂದು ಸಿಬ್ಬಂದಿಯ ಮೇಲೆ ಸಿಟ್ಟಾಗುವ ತಂದೆತಾಯಂದಿರ ಸಂಕಟ ಅರ್ಥವಾಗುವಂಥದ್ದೇ. ಆದರೂ ಇಲ್ಲಿ ಸಿಬ್ಬಂದಿಯ ಮಾತೇ ಸರಿ. ದೀಪ ಹೊತ್ತುವ ಮುನ್ನವೇ ಕುಲುಕಾಟ ಬಂದರೆ ಎಂಬ ಅಂಜಿಕೆಗೂ ಒಂದಿಷ್ಟು ಉತ್ತರವಿದೆ: ತೊಟ್ಟಿಲಿಗೆ ಮೇಲ್ಹೊದಿಕೆಯೋ ಪಟ್ಟಿಯೋ ಇದ್ದರೆ ವಿಮಾನ ಶಾಂತವಾಗಿ ಹಾರುತ್ತಿರುವಾಗಲೂ ಅದನ್ನು ಬಿಗಿದೇ ಇಡಬೇಕು, ಹೆತ್ತವರು ತಮ್ಮ ಬೆಲ್ಟ್ ಬಿಚ್ಚದೆ ಕೂರಬೇಕು.

ಮಡಿಲಲ್ಲಿ ಕಟ್ಟಿಕೊಳ್ಳುವುದಕ್ಕೂ ರೀತಿಯಿದೆ. ದೊಡ್ಡವರ ಬೆಲ್ಟಿನೊಳಗೇ ಮಗುವನ್ನು ಸೇರಿಸಿ ಕಟ್ಟಲೇಬಾರದು. ದೇಹ ಮುಂದಕ್ಕೆ ಬಾಗಿದಾಗ ಮಗು ನಡುವೆ ನಜ್ಜಾಗುತ್ತದೆ. ಯುರೋಪಿನಲ್ಲಿ ತಾಯಿಯ ಬೆಲ್ಟಿಗೆ ಪೋಣಿಸುವ ಚಿಕ್ಕ ಹೆಚ್ಚುವರಿ ಬೆಲ್ಟನ್ನು ಮಗುವಿಗೆ ಕೊಡುತ್ತಾರೆ. ಅಪಘಾತದಲ್ಲಿ ಅದೂ ಮಗುವಿನ ಹೊಟ್ಟೆಗೆ ಏಟು ಕೊಡಬಹುದು ಎಂಬ ಕಾರಣಕ್ಕೆ ಅಮೆರಿಕದಲ್ಲಿ ಏರುವಾಗ, ಇಳಿಯುವಾಗ ಅದನ್ನು ಬಳಸಲು ಬಿಡುವುದಿಲ್ಲ. ಒಂದೇ ಕೂಸಿಗೆ ಎರಡು ಖಂಡಗಳಲ್ಲಿ ಎರಡು ನಿಯಮ. ಮಡಿಲು ಪೂರ್ಣ ಸುರಕ್ಷಿತವಲ್ಲ ಎಂಬುದಷ್ಟೇ ಎರಡೂ ಕಡೆ ಒಪ್ಪಿದ ಮಾತು.

ಈ ಚರ್ಚೆಗೆ ಕಾವು ಬಂದದ್ದು 1989ರ ಜುಲೈ 19ರಂದು. ಡೆನ್ವರ್‌ನಿಂದ ಷಿಕಾಗೊಗೆ ಹೊರಟ ಯುನೈಟೆಡ್ 232 ವಿಮಾನದ ಬಾಲದ ಎಂಜಿನ್ ಸಿಡಿದು, ಅಯೋವಾದ ಸೂ ಸಿಟಿಯಲ್ಲಿ ಅದು ಬಿದ್ದು ಹೊತ್ತಿ ಉರಿಯಿತು. ಆಗಿನ ಪದ್ಧತಿಯಂತೆ ಮಡಿಲ ಮಕ್ಕಳನ್ನು ನೆಲದ ಮೇಲೆ ಮಲಗಿಸಿ ಒತ್ತಿ ಹಿಡಿಯಲು ಸಿಬ್ಬಂದಿ ಹೇಳಿದ್ದರು. ಆ ಮಕ್ಕಳಲ್ಲಿ ಒಂದು ಬದುಕಲಿಲ್ಲ. ಆ ವಿಮಾನದ ಮುಖ್ಯ ಗಗನಸಖಿ ಜ್ಯಾನ್ ಬ್ರೌನ್, ಪ್ರತಿ ಮಗುವಿಗೂ ಪ್ರತ್ಯೇಕ ಸೀಟು ಕಡ್ಡಾಯವಾಗಲಿ ಎಂದು ಮುಂದೆ ವರ್ಷಗಟ್ಟಲೆ ಹೋರಾಡಿದರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯೂ ಅದನ್ನೇ ಶಿಫಾರಸು ಮಾಡಿತು. ವಿಮಾನಯಾನ ಆಡಳಿತ ಒಪ್ಪಲಿಲ್ಲ: ಟಿಕೆಟ್ ಖರ್ಚು ಹೆಚ್ಚಿದರೆ ಕುಟುಂಬಗಳು ಕಾರಿನಲ್ಲಿ ಹೊರಡುತ್ತವೆ, ರಸ್ತೆಯಲ್ಲಿ ಹೆಚ್ಚು ಮಕ್ಕಳು ಸಾಯುತ್ತಾರೆ ಎಂಬುದು ಅದರ ವಾದ. ದೇಶದೊಳಗಿನ ಪ್ರಯಾಣಕ್ಕೆ ಆ ಲೆಕ್ಕ ಹೊಂದೀತು. ಸಾಗರ ದಾಟಿ ಬರುವವರಿಗೆ ರಸ್ತೆಯೇ ಇಲ್ಲದಿರುವಾಗ ಹೊಂದುವುದಿಲ್ಲ.

ಹೀಗಾಗಿ ಕೈಲಾದವರು ಮಗುವಿಗೊಂದು ಸೀಟು ಕೊಂಡು, ವಿಮಾನಕ್ಕೆ ಮಾನ್ಯವಾದ ಕಾರ್ ಸೀಟನ್ನು ಅದರಲ್ಲಿ ಕಟ್ಟುವುದೇ ಎಲ್ಲಕ್ಕಿಂತ ಒಳ್ಳೆಯದು. ವಿಮಾನದಲ್ಲೂ ಬಳಸಬಹುದು ಎಂಬ ಒಕ್ಕಣೆ ಕಾರ್ ಸೀಟಿನ ಮೇಲೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ತೊಟ್ಟಿಲನ್ನೇ ಆಯ್ದುಕೊಂಡವರಿಗೆ ಮನೆಯ ಎಚ್ಚರಿಕೆಗಳೇ ಇಲ್ಲೂ ಅನ್ವಯಿಸುತ್ತವೆ. ಅಂಗಾತ ಮಲಗಿಸಬೇಕು, ದಿಂಬು ಬೇಡ, ಸಡಿಲ ಹೊದಿಕೆ ಮುಖದ ಬಳಿ ಬೇಡ. ಬೆಳಕು ತಡೆಯಲೆಂದು ತೊಟ್ಟಿಲ ಮೇಲೆ ಕಂಬಳಿ ಹರಡುವುದು ಬಹಳ ಕಡೆ ಕಾಣುವ ತಪ್ಪು. ಗಾಳಿ ಕಟ್ಟಿ ಒಳಗೆ ಸೆಕೆಯಾಗುತ್ತದೆ. ಕೈ ಊರಿ ಏಳಲು, ಕೂರಲು ಕಲಿತ ಮಗು ತೂಕದ ಮಿತಿಯೊಳಗಿದ್ದರೂ ತೊಟ್ಟಿಲಿಗೆ ತಕ್ಕದ್ದಲ್ಲ. ಬಿಸಿ ಕಾಫಿ, ಚಹಾ ಅದರ ಮೇಲಿಂದ ದಾಟಬಾರದು. ಒಬ್ಬರಾದರೂ ಎಚ್ಚರವಿರಬೇಕು.

ಕ್ಯಾಬಿನ್ನಿನ ಗಾಳಿಯೊತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುವುದರಿಂದ ಆಮ್ಲಜನಕ ತುಸು ಕಡಿಮೆ ಸಿಗುತ್ತದೆ. ಆರೋಗ್ಯವಂತ ಕೂಸು ಅದನ್ನು ತಾಳಿಕೊಳ್ಳುತ್ತದೆ. ಅವಧಿಗೆ ಮುನ್ನ ಹುಟ್ಟಿದ, ಶ್ವಾಸಕೋಶ ಅಥವಾ ಹೃದಯದ ತೊಂದರೆಯಿರುವ ಮಗುವಿನ ವಿಷಯದಲ್ಲಿ ಟಿಕೆಟ್ ಕೊಳ್ಳುವ ಮೊದಲು ಮಕ್ಕಳ ವೈದ್ಯರನ್ನು ಕೇಳಲೇಬೇಕು. ಇಳಿಯುವಾಗ ಹಾಲು ಕುಡಿಸಿದರೆ ನುಂಗುವಿಕೆಯಿಂದ ಕಿವಿಯ ನೋವು ತಗ್ಗುತ್ತದೆ.

ಬ್ಯಾಸಿನೆಟ್ ಸಿಗುವ ಸೀಟುಗಳು ಒಂದು ವಿಮಾನದಲ್ಲಿ ಕೆಲವೇ ಇರುತ್ತವೆ. ಟಿಕೆಟ್ ಕೊಂಡ ಕೂಡಲೇ ಮಗುವಿನ ವಯಸ್ಸು, ತೂಕ ತಿಳಿಸಿ ಕೇಳಿಕೊಳ್ಳಬೇಕು, ಹೊರಡುವ ಎರಡು ಮೂರು ದಿನ ಮೊದಲು ಮತ್ತೊಮ್ಮೆ ವಿಚಾರಿಸಬೇಕು. ಕೊನೆ ಗಳಿಗೆಯಲ್ಲಿ ವಿಮಾನ ಬದಲಾದರೆ ಕಾದಿರಿಸಿದ ತೊಟ್ಟಿಲೂ ಕೈತಪ್ಪಬಹುದು. ಹಾಗಾದರೆ ಯಾರು ಎಷ್ಟು ಹೊತ್ತು ಎಚ್ಚರವಿದ್ದು ಕೂಸನ್ನು ಎತ್ತಿಕೊಂಡಿರಬೇಕು ಎಂಬುದನ್ನು ಜೊತೆಗಿರುವ ದೊಡ್ಡವರು ಹೊರಡುವ ಮುನ್ನವೇ ಮಾತಾಡಿಕೊಂಡಿರಬೇಕು.