ಮೊದಲ ಹೆಜ್ಜೆಗೇ ಹಿಮ್ಮಡಿ ನೋವು

ಫಜ್ರ್ ನಮಾಝ್‌ಗೆ ಎದ್ದು ಕಾಲು ನೆಲಕ್ಕೆ ಊರಿದೊಡನೆ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ಗೋಡೆ ಹಿಡಿದು ಕುಂಟುತ್ತಾ ಹೋಗಿ ವುಝೂ ಮುಗಿಸುವಷ್ಟರಲ್ಲಿ ನೋವು ತುಸು ಇಳಿದಿರುತ್ತದೆ. ಸಂಜೆ ಸ್ವಲ್ಪ ಹೊತ್ತು ಕುಳಿತು ಏಳುವಾಗ ಮತ್ತೆ ಅದೇ ಪಾಡು. ನಲ್ವತ್ತು ದಾಟಿದ ಎಷ್ಟೋ ಗೃಹಿಣಿಯರು ವಯಸ್ಸಾಯಿತೆಂದು ಇದನ್ನು ಸಹಿಸಿಕೊಂಡೇ ಇರುತ್ತಾರೆ. ಸಹಿಸಬೇಕಾದ ಅಗತ್ಯವಿಲ್ಲ.

ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ದಪ್ಪನೆಯ ಪಟ್ಟಿಯೊಂದಿದೆ. ವೈದ್ಯರು ಇದನ್ನು ಪ್ಲಾಂಟರ್ ಫೇಶಿಯಾ ಎನ್ನುತ್ತಾರೆ. ಪಾದದ ಕಮಾನನ್ನು ಬಿಲ್ಲಿನ ಹಗ್ಗದಂತೆ ಎಳೆದು ಹಿಡಿಯುವುದು ಇದೇ. ದಿನವಿಡೀ ನಿಂತು ದುಡಿಯುವುದು, ಹೆಚ್ಚಿದ ತೂಕ, ಬಿಗಿದ ಮೀನಖಂಡ ಇವೆಲ್ಲ ಸೇರಿ ಅದರ ಬುಡಕ್ಕೆ ಪೆಟ್ಟಾಗುತ್ತದೆ. ನಿದ್ದೆಯಲ್ಲಿ ಬಿಗಿದುಕೊಂಡ ಪಟ್ಟಿ ಬೆಳಗಿನ ಮೊದಲ ಹೆಜ್ಜೆಗೆ ಒಮ್ಮೆಲೇ ಎಳೆಯಲ್ಪಡುವುದರಿಂದ ಆ ನೋವು. ಎಕ್ಸ್‌ರೇಯಲ್ಲಿ ಎಲುಬು ಬೆಳೆದಿದೆ ಎಂದಾಗ ಹಲವರು ಆಪರೇಶನ್ ಬೇಕೇನೋ ಎಂದು ಹೆದರುತ್ತಾರೆ. ನೋವೇ ಇಲ್ಲದವರ ಹಿಮ್ಮಡಿಯಲ್ಲೂ ಅಂತಹ ಎಲುಬು ಕಾಣಸಿಗುತ್ತದೆ.

ನಮ್ಮಲ್ಲಿ ಚಪ್ಪಲಿ ಹೊಸ್ತಿಲ ಹೊರಗೇ ಉಳಿಯುತ್ತದೆ. ನಮಾಝ್ ಮಾಡುವ ನೆಲ ಶುದ್ಧವಾಗಿರಬೇಕಲ್ಲ. ಆದರೆ ಟೈಲ್ಸ್, ಗ್ರಾನೈಟ್ ಹಾಕಿದ ಗಟ್ಟಿ ನೆಲದಲ್ಲಿ ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲುವ ಅಡುಗೆಮನೆಯ ಕೆಲಸ ಹಿಮ್ಮಡಿಗೆ ಶಿಕ್ಷೆಯೇ ಸರಿ. ಹೊರಗೆ ಎಂದೂ ಮೆಟ್ಟದ ಒಂದು ಜೊತೆ ಚಪ್ಪಲಿಯನ್ನು ಮನೆಯೊಳಗೆಂದೇ ಇಟ್ಟುಕೊಳ್ಳಿ. ಮುಸಲ್ಲಾದ ಬಳಿ ಕಳಚಿದರಾಯಿತು. ರಾತ್ರಿ ಅದನ್ನು ಮಂಚದ ಪಕ್ಕದಲ್ಲೇ ಇಡಿ. ಬೆಳಗಿನ ಮೊದಲ ಹೆಜ್ಜೆ ಅದರ ಮೇಲೆಯೇ ಬೀಳಲಿ.

ಅಂಗಡಿಯಲ್ಲಿ ಒತ್ತಿ ನೋಡಿ ಮೆತ್ತಗಿದೆ ಎಂದು ಕೊಂಡುಕೊಳ್ಳುವುದು ಸಾಮಾನ್ಯ ತಪ್ಪು. ಸ್ಪಂಜಿನಂತಹ ಅಟ್ಟೆ ಕೆಲವೇ ವಾರಗಳಲ್ಲಿ ಚಪ್ಪಟೆಯಾಗುತ್ತದೆ. ಚಪ್ಪಲಿಯ ಎರಡೂ ತುದಿ ಹಿಡಿದು ಬಾಗಿಸಿ. ಬೆರಳುಗಳು ಮಡಚುವಲ್ಲಿ ಬಾಗಬೇಕು, ನಡುವೆ ಬಾಗಬಾರದು. ಹಿಮ್ಮಡಿ ಬೆರಳಿಗಿಂತ ತುಸು ಎತ್ತರವಿರಲಿ, ಕಮಾನಿನ ಜಾಗ ಉಬ್ಬಿರಲಿ, ಹಿಂದೆ ಪಟ್ಟಿ ಇದ್ದರೆ ಒಳ್ಳೆಯದು. ಸವೆದ ಹವಾಯಿ ಚಪ್ಪಲಿಯಲ್ಲಿ ಇದಾವುದೂ ಇಲ್ಲ. ಸಂಜೆ ಪಾದ ತುಸು ಊದಿರುವುದರಿಂದ ಅಳತೆ ನೋಡಲು ಆ ಹೊತ್ತೇ ಸರಿ.

ಶೂ ಹಾಕುವವರು ಒಳಗೆ ಕಮಾನಿಗೆ ಆಧಾರ ಕೊಡುವ ಇನ್‌ಸೋಲ್ ಇಡಬಹುದು. ಬಹಳಷ್ಟು ಮಂದಿಗೆ ಮೆಡಿಕಲ್ ಅಂಗಡಿಯ ಸಿದ್ಧ ಇನ್‌ಸೋಲ್ ಸಾಕು. ಮೊದಲೇ ಸಾವಿರಾರು ರೂಪಾಯಿ ಕೊಟ್ಟು ಅಳತೆ ಕೊಟ್ಟು ಮಾಡಿಸುವ ಅವಸರ ಬೇಡ. ಜೊತೆಗೆ ಏಳುವ ಮುನ್ನ ಹಾಸಿಗೆಯಲ್ಲೇ ಕಾಲ್ಬೆರಳುಗಳನ್ನು ಕೈಯಿಂದ ತಮ್ಮತ್ತ ಎಳೆದು ಹತ್ತು ಎಣಿಸುವವರೆಗೆ ಹಿಡಿಯಿರಿ. ಹೀಗೆ ಹತ್ತು ಸಲ. ಗುಣವಾಗಲು ತಿಂಗಳುಗಳೇ ಹಿಡಿಯುತ್ತವೆ, ಆದರೆ ಹೆಚ್ಚಿನವರಿಗೆ ಗುಣವಾಗುತ್ತದೆ.

ಉಮ್ರಾಕ್ಕೆ ಹೊರಟವರು ಈ ನೋವನ್ನು ಹಗುರವಾಗಿ ಕಾಣಬಾರದು. ಸಫಾ ಮರ್ವಾದ ನಡುವಿನ ಏಳು ಸಲದ ಸಈಯೇ ಸುಮಾರು ಮೂರು ಕಿಲೋಮೀಟರ್. ತವಾಫ್, ಹೋಟೆಲ್‌ನಿಂದ ಹರಮ್‌ವರೆಗಿನ ನಡಿಗೆ ಬೇರೆ. ಹೊಸ ಚಪ್ಪಲಿಯನ್ನು ಒಂದು ತಿಂಗಳು ಮೊದಲೇ ಕೊಂಡು, ಅದರಲ್ಲೇ ದಿನಾ ನಡೆದು ಅಭ್ಯಾಸ ಮಾಡಿ. ಸ್ತ್ರೀಯರು ಇಹ್ರಾಮ್‌ನಲ್ಲೂ ಶೂ, ಕಾಲುಚೀಲ ಧರಿಸಬಹುದು. ಪುರುಷರಿಗೆ ಚಪ್ಪಲಿಯೇ ಗತಿ. ಪಾದದ ಎಷ್ಟು ಭಾಗ ತೆರೆದಿರಬೇಕೆಂದು ಕೊಳ್ಳುವ ಮೊದಲೇ ಆಲಿಮರಲ್ಲಿ ಕೇಳಿಕೊಳ್ಳಿ.

ಸಕ್ಕರೆ ಕಾಯಿಲೆ ಇರುವವರ ವಿಷಯ ಬೇರೆ. ಅವರ ಅಂಗಾಲಿಗೆ ಸ್ಪರ್ಶಜ್ಞಾನ ಕುಂದಿದ್ದರೆ ಇನ್‌ಸೋಲ್ ಉಜ್ಜಿದರೂ, ಬಿಸಿ ನೆಲ ಸುಟ್ಟರೂ ತಿಳಿಯದು. ಬಿಸಿನೀರಿನಲ್ಲಿ ಕಾಲಿಡುವ ಮನೆಮದ್ದು ಅವರಿಗೆ ಬೇಡವೇ ಬೇಡ. ವೈದ್ಯರು ಹೇಳಿದ ಎಂಸಿಆರ್ ಚಪ್ಪಲಿಯನ್ನೇ ಧರಿಸಲಿ. ವುಝೂವಿನಲ್ಲಿ ಬೆರಳ ಸಂದಿಗಳಿಗೆ ಕಿರುಬೆರಳು ಆಡಿಸುವಾಗ ಗಾಯ, ಬಿರುಕು, ಕೆಂಪು ಕಲೆ ಇದೆಯೇ ಎಂದು ಕಣ್ಣಿಟ್ಟು ನೋಡಿ, ನಂತರ ಸಂದಿಗಳನ್ನು ಒರೆಸಿಕೊಳ್ಳಲಿ. ಕಣ್ಣು ಮಂಜಾದ ಹಿರಿಯರಿದ್ದರೆ ಮನೆಯ ಮಕ್ಕಳು ದಿನಕ್ಕೊಮ್ಮೆ ಅವರ ಅಂಗಾಲು ನೋಡಲಿ. ಗಾಯ ಕಂಡರೆ ಅಂದೇ ವೈದ್ಯರಿಗೆ ತೋರಿಸಬೇಕು.