ಮಾತ್ರೆಗೆ ಮುನ್ನ ಮಿದುಳಿನ ಸ್ಕ್ಯಾನ್

ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವ ಪ್ರತಿ ಮೂವರಲ್ಲಿ ಸುಮಾರು ಒಬ್ಬರಿಗೆ ಸಾಮಾನ್ಯ ಔಷಧಗಳು ನಾಟುವುದೇ ಇಲ್ಲ. ಅದು ಗೊತ್ತಾಗುವುದು ಹೇಗೆ? ಒಂದು ಮಾತ್ರೆ ಕೊಟ್ಟು ವಾರಗಟ್ಟಲೆ ಕಾಯಬೇಕು. ಆಮೇಲೆ ಇನ್ನೊಂದು. ಅಷ್ಟರಲ್ಲಿ ಓದು, ಕೆಲಸ, ಮನೆಯವರ ನೆಮ್ಮದಿ ಎಲ್ಲ ಕೈಜಾರಿರುತ್ತದೆ.

ಈ ಔಷಧಗಳು ಮುಖ್ಯವಾಗಿ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಸಂಕೇತವನ್ನು ತಗ್ಗಿಸುತ್ತವೆ. 2012ರಲ್ಲಿ ಲಂಡನ್ನಿನ ಸಂಶೋಧಕರು ರೋಗಿಗಳ ಮಿದುಳಿನ ಪೆಟ್ ಸ್ಕ್ಯಾನ್ ಮಾಡಿ ನೋಡಿದರು. ಔಷಧ ಫಲಿಸಿದವರ ಮಿದುಳಲ್ಲಿ ಡೋಪಮೈನ್ ತಯಾರಿಕೆ ಹೆಚ್ಚಿತ್ತು. ಫಲಿಸದವರಲ್ಲಿ? ಹೆಚ್ಚುಕಡಿಮೆ ಆರೋಗ್ಯವಂತರಷ್ಟೇ! ಉಕ್ಕದ ಹಾಲಿಗೆ ಉರಿ ತಗ್ಗಿಸಿ ಏನು ಪ್ರಯೋಜನ?

ಆದರೆ ಗಮನಿಸಿ, ಆ ಅಧ್ಯಯನದ ಪ್ರತಿ ಗುಂಪಿನಲ್ಲಿ ಇದ್ದವರು ಬರೀ 12 ಮಂದಿ. 2016ರಲ್ಲಿ ನ್ಯೂಯಾರ್ಕಿನ ತಂಡವೊಂದು ಎಂಆರ್‌ಐ ಬಳಸಿ, ಸ್ಟ್ರೈಯೇಟಮ್ ಎಂಬ ಭಾಗಕ್ಕೂ ಮಿದುಳಿನ ಉಳಿದ ಭಾಗಗಳಿಗೂ ಇರುವ ನಂಟನ್ನು ಅಳೆಯಿತು. ಯಾರಿಗೆ ಔಷಧ ಫಲಿಸೀತು ಎಂದು ಊಹಿಸಿತು. ಬೇರೊಂದು ಗುಂಪಿನ ರೋಗಿಗಳಲ್ಲೂ ಆ ಊಹೆ ಬಹುಪಾಲು ಹೊಂದಿತು. ನನಗೆ ಭರವಸೆ ಹುಟ್ಟಿಸಿದ್ದು ಇದೇ.

ಇಷ್ಟಾದರೂ ಔಷಧ ಆರಿಸಿಕೊಡುವ ಸ್ಕ್ಯಾನ್ ವೈದ್ಯರ ದಿನಬಳಕೆಗೆ ಇನ್ನೂ ಬಂದಿಲ್ಲ. ಅದರ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ. ನಿಮ್ಮವರಿಗೆ ಎರಡು ಔಷಧ ಸರಿಯಾಗಿ ಕೊಟ್ಟೂ ಗುಣ ಕಾಣದಿದ್ದರೆ, ಕ್ಲೋಜಪಿನ್ ಎಂಬ ಔಷಧದ ಬಗ್ಗೆ ಮನೋವೈದ್ಯರನ್ನು ಕೇಳಿ. ಅದಕ್ಕೆ ನಿಯಮಿತ ರಕ್ತಪರೀಕ್ಷೆ ಬೇಕು, ಆದರೆ ಬೇರೆ ಔಷಧ ಸೋತಲ್ಲಿ ಅದು ಹಲವರಿಗೆ ಫಲಿಸಿದೆ.