ಬಿಡಿಭಾಗಗಳು ಬದಲಾದ ಮೇಲೂ ಅದೇ ಬೈಕೇ?

ಹಳೆಯ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸ ಮನುಷ್ಯನಿಗೆ ಹೊಸದಲ್ಲ. ನಾಣ್ಯ, ಅಂಚೆಚೀಟಿ, ಗಡಿಯಾರಗಳ ಸಾಲಿಗೆ ಈಗ ಜಪಾನ್ ಮೂಲದ ಹಳೆಯ ಟೂ-ಸ್ಟ್ರೋಕ್ ಮೋಟಾರ್ ಸೈಕಲ್‌ಗಳೂ ಸೇರಿವೆ. ತಂದೆ ಓಡಿಸಿ ಮೂಲೆಗಿಟ್ಟ ಬೈಕನ್ನು ಮಗ ಹೊರಗೆಳೆದು ದುರಸ್ತಿಗೆ ತೊಡಗುವುದನ್ನು ನಮ್ಮ ಕುಟುಂಬಗಳಲ್ಲೂ ಕಾಣುತ್ತೇವೆ. ಇದನ್ನು ಬರಿಯ ಶೋಕಿಯೆಂದು ತಳ್ಳಿಹಾಕುವ ಮುನ್ನ ಇದರೊಳಗೆ ಅಡಗಿರುವ ಗಂಭೀರ ಪ್ರಶ್ನೆಯೊಂದನ್ನು ಗಮನಿಸುವುದು ಒಳಿತು.

ಈ ಯಂತ್ರಗಳ ಚರಿತ್ರೆಯ ಮೂಲದಲ್ಲೇ ದುರಸ್ತಿಯ ಪ್ರಸಂಗವೊಂದಿದೆ. 1887ರಲ್ಲಿ ಜಪಾನಿನ ಹಮಮತ್ಸುವಿನ ಶಾಲೆಯೊಂದರಲ್ಲಿ ಕೆಟ್ಟಿದ್ದ ರೀಡ್ ಆರ್ಗನನ್ನು ಸರಿಪಡಿಸಲು ತೊರಾಕುಸು ಯಮಹಾ ಎಂಬ ಕುಶಲಕರ್ಮಿಯನ್ನು ಕರೆಸಲಾಯಿತು. ಅದರ ರಚನೆಯನ್ನು ಅರಿತುಕೊಂಡ ಆತ ಮುಂದೆ ತಾನೇ ಆರ್ಗನ್‌ಗಳನ್ನು ತಯಾರಿಸತೊಡಗಿದ. ಆತ ಸ್ಥಾಪಿಸಿದ ವಾದ್ಯಸಂಸ್ಥೆಯಿಂದಲೇ 1955ರಲ್ಲಿ ಯಮಹಾ ಮೋಟಾರ್ ಕಂಪನಿ ಜನಿಸಿತು. ಅದರ ಮೊದಲ ಬೈಕಾದ ವೈಎ-1, ಜರ್ಮನಿಯ ಡಿಕೆಡಬ್ಲ್ಯು ಆರ್‌ಟಿ 125ರ ಮಾದರಿಯನ್ನು ಅನುಸರಿಸಿದ ಟೂ-ಸ್ಟ್ರೋಕ್ ವಾಹನ. ಅದೇ ಪ್ರದೇಶದಲ್ಲಿ 1909ರಲ್ಲಿ ಮಗ್ಗಗಳ ತಯಾರಿಕೆಯಿಂದ ಆರಂಭವಾದ ಸುಜುಕಿ, 1962ರಲ್ಲಿ 50 ಸಿಸಿ ವರ್ಗದ ವಿಶ್ವ ಪ್ರಶಸ್ತಿಯನ್ನು ಗೆದ್ದಿತು.

ಕನ್ನಡ ನಾಡಿಗೆ ಟೂ-ಸ್ಟ್ರೋಕ್ ಸದ್ದು ಅದಕ್ಕೂ ಮೊದಲೇ ಪರಿಚಿತವಾಗಿತ್ತು. ಜೆಕ್ ಮೂಲದ ಜಾವಾ 1961ರಿಂದಲೇ ಮೈಸೂರಿನಲ್ಲಿ ತಯಾರಾಗುತ್ತಿತ್ತು. ಜಪಾನಿನ ತಂತ್ರಜ್ಞಾನ ಬಂದದ್ದು ಎಂಬತ್ತರ ದಶಕದಲ್ಲಿ. ಯಮಹಾದ ಆರ್‌ಡಿ 350 ಇಲ್ಲಿ 1983ರಲ್ಲಿ ರಾಜದೂತ್ 350 ಎಂಬ ಹೆಸರಿನಿಂದ ಬಂದರೆ, 1985ರಲ್ಲಿ ಆರ್‌ಎಕ್ಸ್ 100 ಬಂದಿತು. ಕೇವಲ 98 ಸಿಸಿ ಇಂಜಿನ್, ಸುಮಾರು 11 ಅಶ್ವಶಕ್ತಿ, ಹಗುರವಾದ ಮೈಕಟ್ಟು. 1996ರಲ್ಲಿ ಅದರ ಉತ್ಪಾದನೆ ನಿಂತ ಮೇಲೆ ಬೇಡಿಕೆ ಇನ್ನೂ ಹೆಚ್ಚಿತು.

ಟೂ-ಸ್ಟ್ರೋಕ್ ಇಂಜಿನ್ನಿನ ಸೊಬಗು ಅದರ ಸರಳತೆ. ಕ್ರ್ಯಾಂಕ್ ಸುತ್ತಿದ ಪ್ರತಿ ಸುತ್ತಿಗೂ ಇಂಧನ ಉರಿದು ಶಕ್ತಿ ದೊರೆಯುತ್ತದೆ. ಫೋರ್-ಸ್ಟ್ರೋಕ್‌ನಲ್ಲಿ ಇದು ಎರಡು ಸುತ್ತಿಗೊಮ್ಮೆ ಮಾತ್ರ. ಆದರೆ ಸರಳತೆಯೆಂದರೆ ಸಹನೆಯಲ್ಲ. ಕ್ರ್ಯಾಂಕಿನ ಆಯಿಲ್ ಸೀಲ್ ಸವೆದು ಹೊರಗಿನ ಗಾಳಿ ಒಳನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ, ಶಾಖವೇರಿ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆಗ ಸಿಲಿಂಡರನ್ನು ಬೋರ್ ಮಾಡಿಸಿ, ತುಸು ದೊಡ್ಡ ಅಳತೆಯ ಪಿಸ್ಟನ್ ಕೂರಿಸಬೇಕು. ಟ್ಯಾಂಕಿನ ತುಕ್ಕು, ಕಾರ್ಬುರೇಟರಿನಲ್ಲಿ ಅಂಟಾದ ಹಳೆಯ ಪೆಟ್ರೋಲು, ಸೈಲೆನ್ಸರಿನೊಳಗಿನ ಮಸಿ, ಎಲ್ಲವೂ ತಾಳ್ಮೆಯನ್ನು ಬೇಡುತ್ತವೆ. ಹೊರಗಿನ ಬಣ್ಣ ಕೊನೆಯ ಕೆಲಸ. ಅದನ್ನೇ ಮೊದಲು ಮಾಡಿಸುವವರು ಯಂತ್ರವನ್ನಲ್ಲ, ಕಣ್ಣನ್ನು ತಣಿಸುತ್ತಾರೆ.

ಹೀಗೆ ಪಿಸ್ಟನ್, ಸೀಲು, ತಂತಿ, ಟ್ಯಾಂಕು ಒಂದೊಂದಾಗಿ ಬದಲಾದ ಮೇಲೆ ಉಳಿದದ್ದು ಹಳೆಯ ಬೈಕೇ? ಗ್ರೀಕ್ ಲೇಖಕ ಪ್ಲುಟಾರ್ಕ್ ಥೀಸಿಯಸ್ ವೀರನ ಹಡಗಿನ ಕುರಿತು ಇದೇ ಸಮಸ್ಯೆಯನ್ನು ದಾಖಲಿಸಿದ್ದಾನೆ. ಕೊಳೆತ ಹಲಗೆಗಳನ್ನು ಅಥೆನ್ಸಿನ ಜನ ಬದಲಿಸುತ್ತಾ ಬಂದಾಗ, ಅದು ಅದೇ ಹಡಗೆಂದು ಕೆಲವರು, ಅಲ್ಲವೆಂದು ಇನ್ನು ಕೆಲವರು ವಾದಿಸಿದರು. ಹದಿನೇಳನೆಯ ಶತಮಾನದ ಥಾಮಸ್ ಹಾಬ್ಸ್ ಮತ್ತೊಂದು ತೊಡಕನ್ನು ಸೇರಿಸಿದ: ತೆಗೆದ ಹಲಗೆಗಳನ್ನೆಲ್ಲ ಕೂಡಿಸಿ ಇನ್ನೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು?

ಇದು ಪಂಡಿತರ ವಿನೋದವಷ್ಟೇ ಅಲ್ಲ. ಹಳೆಯ ಬೈಕುಗಳ ಮಾರುಕಟ್ಟೆಯಲ್ಲಿ 'ಮೂಲ' ಎಂಬ ಒಂದೇ ಮಾತಿಗೆ ಹೆಚ್ಚಿನ ಬೆಲೆಯಿದೆ. ಮೂರು ಬೈಕುಗಳ ಭಾಗಗಳನ್ನು ಕೂಡಿಸಿ ಒಂದನ್ನು ಕಟ್ಟುವುದು ತಪ್ಪಲ್ಲ. ಅದನ್ನು ಮರೆಮಾಚಿ ಮಾರುವುದು ವಂಚನೆ. ಇಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಆರ್.ಸಿ. ಪುಸ್ತಕದೊಡನೆ ತಾಳೆಯಾಗಲೇಬೇಕು, ತಿದ್ದಿದ ಸಂಖ್ಯೆಯ ಹಿಂದೆ ಯಾರದೋ ಮನೆಯಿಂದ ಕಳುವಾದ ವಾಹನವಿರಬಹುದು. 2021ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ವಿಂಟೇಜ್ ವಾಹನ ನಿಯಮಗಳು ಕೂಡ 50 ವರ್ಷ ಮೀರಿದ, ಚಾಸಿಸ್, ಮೈಕಟ್ಟು ಅಥವಾ ಇಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗದ ವಾಹನಗಳಿಗೇ ಆ ಮಾನ್ಯತೆ ನೀಡುತ್ತವೆ. 1983ರ ರಾಜದೂತ್ ಕೂಡ ಅದಕ್ಕಾಗಿ 2033ರವರೆಗೆ ಕಾಯಬೇಕು.

ಹಳೆಯದನ್ನು ಪ್ರೀತಿಸುವವರು ಅದರ ದೋಷವನ್ನೂ ಒಪ್ಪಬೇಕು. ಟೂ-ಸ್ಟ್ರೋಕ್‌ನಲ್ಲಿ ಉರಿಯದ ಇಂಧನದ ಒಂದಂಶ ಹೊಗೆಯೊಡನೆ ಹೊರಹೋಗುತ್ತದೆ. ಮಾಲಿನ್ಯ ನಿಯಮಗಳು ಬಿಗಿಯಾದಾಗ ಈ ಬೈಕುಗಳು ಹಿಂದೆ ಸರಿಯಲು ಇದೇ ಮುಖ್ಯ ಕಾರಣ. ಆದುದರಿಂದ ಸೈಲೆನ್ಸರ್ ಕೊರೆಸಿ, ನೆರೆಹೊರೆಯ ವೃದ್ಧರ ನಿದ್ದೆ ಕೆಡಿಸಿ, ಬೀದಿ ಬೀದಿ ಸುತ್ತುವುದು ಪುನರುಜ್ಜೀವನವಲ್ಲ.

ಹಾಗಾದರೆ ಉತ್ತರವೇನು? ಭಾಗಗಳು ಬದಲಾದರೂ, ಆ ಬದಲಾವಣೆಯ ದಾಖಲೆ ಪ್ರಾಮಾಣಿಕವಾಗಿದ್ದರೆ ವಸ್ತುವಿನ ಚರಿತ್ರೆ ಕಡಿದುಹೋಗುವುದಿಲ್ಲ. ಮಕ್ಕಳು ಬೈಕ್ ಬಿಚ್ಚಲು ಕುಳಿತಾಗ ಹಿರಿಯರು ಗದರುವ ಬದಲು ಒಂದು ನೋಟ್ ಪುಸ್ತಕ ಕೊಡಲಿ. ಯಾವ ದಿನ ಯಾವ ಭಾಗ ತೆಗೆದೆವು, ಯಾವುದನ್ನು ಹಾಕಿದೆವು, ಎಷ್ಟು ತೆತ್ತೆವು ಎಂದು ಅದರಲ್ಲಿ ಬರೆಯಿಸಲಿ. ನಾಳೆ ಆ ಬೈಕನ್ನು ಕೊಳ್ಳುವವನ ಕೈಗೆ ಕೀಲಿಯೊಡನೆ ಆ ಪುಸ್ತಕವೂ ಸೇರಲಿ.